ಎಡಕ್ಕೆ ಹೊರಳಿ ನೋಡುವ ನವಿಲು

ಗಾಳಿ ಏಳುವ ಮೊದಲು ಸಾವಂತ್ರವ್ವ ಏಳಬೇಕು. ಬೆಳ್ಳುಳ್ಳಿ ಸಿಪ್ಪೆಯೊಂದಿಗೆ ಸಂಸಾರ ಮಾಡುವವರಿಗೆ ಇದೇ ಮೊದಲ ಪಾಠ. ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಗೆ ಬೆನ್ನು ಕೊಟ್ಟು ನಿಂತ ತಗಡಿನ ಪತ್ರಾಸಿನ ಮನೆಯೊಳಗೆ, ನಸುಕು ಹರಿಯುವ ಹೊತ್ತಿಗೇ ಅವರು ಚಾಪೆ ಹಾಸಿಕೊಂಡು ಕೂತಿದ್ದಾರೆ. ಫ್ಯಾನು ಬಂದ್. ಬಾಗಿಲು ಅರ್ಧ ಮುಂದಕ್ಕೆ. ಎದುರಿಗಿನ ಅಗಲ ತಟ್ಟೆಯಂಥ ಪರಾತದಲ್ಲಿ ರಾತ್ರಿಯೆಲ್ಲ ಒದ್ದೆ ಬಟ್ಟೆಯಡಿ ಮೆತ್ತಗಾದ ಸಿಪ್ಪೆಗಳು. ಕೆಲವು ಬಿಳಿ, ಕೆಲವು ನೀಲಿ, ಕೆಲವು ಹಸಿರು. ಎಡಗೈ ಬೆರಳಿನ ತುದಿಗೆ ಚೂರೇ ಚೂರು ಮೈದಾ ಅಂಟು ತಗುಲಿಸಿಕೊಂಡು, ಒಂದೊಂದೇ ಸಿಪ್ಪೆ ಎತ್ತಿ, ಉಸಿರು ಬಿಗಿಹಿಡಿದು ಜೋಳದ ಬೆಂಡಿನ ನವಿಲಿನ ಮೈಮೇಲೆ ಕೂರಿಸುತ್ತಿದ್ದಾರೆ.

“ಸೀನಬ್ಯಾಡ್ರಿ ಮತ್ತ,” ಎಂದು ಬಂದವರಿಗೆ ಮೊದಲೇ ತಾಕೀತು. “ಹೋದ ವರ್ಷ ನಮ್ಮ ಮನ್ಯಾವರು ಹಿಂಗ ಬಾಜೂಕ ಕುಂತು ಒಂದ ಸೀನು ಸೀನಿದ್ರು ನೋಡ್ರಿ, ನವಲ ಹೋಗಿ ಬೋಳ ಕೋಳಿ ಆತು.”

ಅಷ್ಟರಲ್ಲಿ ಸೊಲ್ಲಾಪುರದ ಕಡೆಯ ಗಾಡಿ ಬರುತ್ತದೆ. ಪತ್ರಾಸು, ಗೂಡಿನಲ್ಲಿಟ್ಟ ಗ್ಲಾಸು, ಪರಾತ ಎಲ್ಲ ಸಣ್ಣಗೆ ನಡುಗುತ್ತವೆ. ಸಾವಂತ್ರವ್ವ ಪೊಲೀಸರ ಕೈಗೆ ಸಿಕ್ಕವರ ಹಾಗೆ ಎರಡೂ ಕೈ ಮೇಲೆತ್ತಿ, ಗಾಡಿ ದಾಟುವ ತನಕ ಗಪ್ಪಾಗಿ ಕೂಡುತ್ತಾರೆ. ದಾಟಿದ ಮೇಲೆ ಮತ್ತೆ ಸಿಪ್ಪೆ, ಮತ್ತೆ ಅಂಟು. ಬಿಸಿಲೇರಿ ಗಾಳಿ ಬಿಟ್ಟರೆ ಸಿಪ್ಪೆ ಒಣಗಿ ಸೀಳುತ್ತದೆ, ಹಾರಿ ಹಳಿಯವರೆಗೂ ಹೋಗುತ್ತದೆ. ಆದ್ದರಿಂದ ನವಿಲಿನ ಕೆಲಸ ಏನಿದ್ದರೂ ಚಹಾ ಕುಡಿಯುವುದರೊಳಗೆ.

ಇಷ್ಟೆಲ್ಲ ಉಸಿರು ಬಿಗಿಹಿಡಿಯುವುದು ಯಾತಕ್ಕೆ? ರುಕ್ವತಕ್ಕೆ. ಈ ಸೀಮೆಯ ಎಷ್ಟೋ ಮನೆಗಳ ಮದುವೆಯಲ್ಲಿ ಹಂದರದ ಒಂದು ಬದಿಗೆ ಉದ್ದನೆಯ ಮೇಜು ಹಾಕುತ್ತಾರೆ. ಮದುಮಗಳು ತನ್ನ ಕೈಯಾರೆ ಮಾಡಿದ ವಸ್ತುಗಳನ್ನೆಲ್ಲ ಬೀಗರ ಕಣ್ಣಿಗೆ ಬೀಳುವಂತೆ ಅದರ ಮೇಲೆ ಜೋಡಿಸುತ್ತಾರೆ. ಅದೇ ರುಕ್ವತ. ಸೊಲ್ಲಾಪುರ, ಸಾಂಗಲಿ ಕಡೆಯ ಬೀಗತನದ ಬೆನ್ನು ಹತ್ತಿ ಇತ್ತ ಬಂದದ್ದು ಅನ್ನುತ್ತಾರೆ ಹಿರಿಯರು. ಹುಡುಗಿಯ ಕೈ ಎಷ್ಟು ಚುರುಕು, ಮನೆಯ ಸಾಮಾನು ಹಾಳು ಮಾಡದೆ ಹೇಗೆ ಬಳಸುತ್ತಾಳೆ ಅಂತ ಬೀಗರು ಅಳೆಯುವುದು ಆ ಮೇಜಿನ ಮುಂದೆಯೇ.

ಆ ಮೇಜಿಗೆ ಸಾವಂತ್ರವ್ವನ ಮನೆಯಿಂದ ಏನೆಲ್ಲ ಹೋಗುತ್ತದೆ ಅಂತ ನೋಡಬೇಕು. ಕುಂಬಳಬೀಜದ ಕಮಲ. ಸುಟ್ಟ ಬೆಂಕಿಕಡ್ಡಿಗಳ ಬಾವಿ; ಅದಕ್ಕೆ ದಾರದ ರೀಲಿನ ಗಾಲಿ, ಔಷಧಿ ಬಾಟಲಿಯ ಮುಚ್ಚಳದ ಕೊಡ. ಜೋಳದ ದಂಟಿನ ಬೆಂಡಿನಿಂದ ಎತ್ತಿನ ಬಂಡಿ. ಒಡೆದ ಬಳೆಗಳ ತೋರಣ. ಅರ್ಧ ತೆಂಗಿನ ಚಿಪ್ಪು ಬೋರಲು ಹಾಕಿ, ನಾಲ್ಕು ಮೂಲೆಗೆ ಊದುಬತ್ತಿಯ ಖಾಲಿ ಕೊಳವೆ ನಿಲ್ಲಿಸಿದರೆ ಗೋಳಗುಮ್ಮಟ. “ಎಲ್ಲಾ ಬರೋಬ್ಬರಿ ಐತ್ರಿ,” ಎಂದು ನಗುತ್ತಾರೆ, “ಒಳಗ ಕೂಗಿದ್ರ ತಿರುಗಿ ಒದರೂದಿಲ್ಲ, ಅಷ್ಟ.”

ಇಷ್ಟು ಮಾಡಿಯೂ ಇವರ ಹೆಸರು ಯಾರಿಗೂ ಗೊತ್ತಿಲ್ಲವಲ್ಲ ಎಂದರೆ, ಅದಕ್ಕೂ ಕಾರಣ ಆ ಮೇಜೇ. ಬೀಗರು ಕೇಳುತ್ತಾರೆ, “ಇದೆಲ್ಲಾ ಯಾರು ಮಾಡ್ಯಾರ?” ಮದುಮಗಳು ತಲೆ ತಗ್ಗಿಸಿ ಹೇಳಬೇಕು, “ನಾನ ಮಾಡೇನ್ರಿ.” ಅಲ್ಲಿಗೆ ಮುಗಿಯಿತು. ಎಲೆಮರೆಯ ಕಾಯಿ ಅಂತ ಎಲ್ಲರೂ ಸಲೀಸಾಗಿ ಅಂದುಬಿಡುತ್ತಾರೆ. ಈಕೆಯ ವಿಷಯದಲ್ಲಿ ಮರೆ ಮಾಡುವ ಎಲೆಯನ್ನೂ ಈಕೆಯೇ ಗೋವಿನಜೋಳದ ಸಿಪ್ಪೆಯಲ್ಲಿ ಕತ್ತರಿಸಿ ಕೊಟ್ಟಿರುತ್ತಾರೆ!

ಹೆಸರಿಲ್ಲದ್ದಕ್ಕೆ ಸಾವಂತ್ರವ್ವನಿಗೆ ಬೇಜಾರಿಲ್ಲ. ಬೇಜಾರು ಬೇರೆಯದು. ಐವತ್ತೆಂಟರ ಈ ಹೆಣ್ಣುಮಗಳು ತನ್ನ ಕೈಯಿಂದ ಹೋದ ಒಂದೇ ಒಂದು ರುಕ್ವತವೂ ಹಂದರದಲ್ಲಿ ಜೋಡಿಸಿ ನಿಂತದ್ದನ್ನು ಕಣ್ಣಾರೆ ಕಂಡಿಲ್ಲ. ಮದುವೆಗೆ ಕರೆಯುವವರೇ ಇಲ್ಲ. ಕರೆದರೆ ಗುಟ್ಟು ಹೊರಬಿತ್ತು ಅಂತ ಹೆಣ್ಣಿನ ತಾಯಂದಿರಿಗೆ ದಿಗಿಲು. “ಸಾಮಾನ ಒಯ್ಯಾಕ ಹಿತ್ತಲ ಬಾಗಲದಿಂದ ಬರತಾರ, ಹಿತ್ತಲ ಬಾಗಲದಿಂದ ಹೋಗತಾರ. ಒಮ್ಮಿ, ಬರೇ ಒಮ್ಮಿ ನೋಡಬೇಕಂತ ಆಸೆ ಐತ್ರಿ. ಎಲ್ಲಾರಗತೆ ಸೀರಿ ಉಟಗೊಂಡು ಹೋಗಿ, ಮೇಜಿನ ಮುಂದ ನಿಂತು, ‘ಏ ಚೊಲೊ ಮಾಡ್ಯಾಳ ಬಿಡ ಹುಡುಗಿ’ ಅಂತ ನಾನೂ ಅನಬೇಕು,” ಎನ್ನುತ್ತಾರೆ. ಹಾಗನ್ನುವಾಗ ಮುಖ ಮಾತ್ರ ಎತ್ತುವುದಿಲ್ಲ.

ಹುಟ್ಟಿದ್ದು ತಿಕೋಟಾದಲ್ಲಿ, ಕುರಿ ಕಾಯುವ ಮನೆಯಲ್ಲಿ. ಕುರಿ ಹಿಂದೆ ಹೋದಾಗ ಕೈಗೆ ಸಿಕ್ಕದ್ದೆಲ್ಲ ಆಟಿಕೆ. ಜೋಳದ ದಂಟು ಸೀಳಿ ಬಂಡಿ, ಕಣ್ಣಿಗೆ ಹಾಕುವ ಚಾಳೀಸು, ತೊಟ್ಟಿಲು. ಎಲ್ಲವನ್ನೂ ಎಡಗೈಯಲ್ಲೇ ಮಾಡುತ್ತಾಳೆಂದು ಅಜ್ಜಿಯ ಬೈಗುಳ ತಪ್ಪಲಿಲ್ಲ. “ಎಡಚಿ, ಎಡಚಿ ಅಂತ ಕೈಮ್ಯಾಲೆ ಹೊಡಿತಿದ್ಲರಿ. ಉಣ್ಣಾಕ ಬಲಗೈ ಕಲತೆ. ಮಾಡಾಕ ಎಡಗೈನ ಉಳೀತು.” ದೊಡ್ಡವಳಾದ ಮೇಲೆ ಒಣದ್ರಾಕ್ಷಿ ಆರಿಸುವ ಕೂಲಿ. ಅಲ್ಲಿಯ ವ್ಯಾಪಾರಿಯೊಬ್ಬರ ಮಗಳ ಮದುವೆಗೆ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯಲು ಹೋದವಳು, ಸುಮ್ಮನೆ ಕೂಡಲಾರದೆ ಸಿಪ್ಪೆಗಳನ್ನು ಹಿಟ್ಟಿನ ಅಂಟಿನಿಂದ ದಂಟಿಗೆ ಹಚ್ಚುತ್ತ ಹಚ್ಚುತ್ತ ಒಂದು ನವಿಲನ್ನೇ ಮಾಡಿಬಿಟ್ಟಳು. ರುಕ್ವತದ ಮೇಜು ಬರಿದಾಗಿ ಕಾಣುತ್ತದೆಂದು ಯಾರೋ ಅದನ್ನೆತ್ತಿ ಮೇಜಿನ ಮೇಲಿಟ್ಟರು. ಬೀಗರು ಹೊಗಳಿದ್ದೇ ಹೊಗಳಿದ್ದು. ಅಡುಗೆಮನೆಯ ಪರದೆಯಾಚೆಯಿಂದ ಹೊಗಳಿಕೆ ಕೇಳಿಸಿತು, ಮೇಜು ಕಾಣಿಸಲಿಲ್ಲ. ಕಸುಬು ಶುರುವಾದದ್ದು ಹಾಗೆ.

ಗಂಡ ಯಲ್ಲಾಲಿಂಗಪ್ಪ ಗಾಂಧಿ ಚೌಕದ ಸಗಟು ಅಂಗಡಿಗಳಲ್ಲಿ ಹಮಾಲಿ. ಹೆಂಡತಿಯ ಕಸುಬಿಗೆ ಕಚ್ಚಾಮಾಲು ಹೊತ್ತು ತರುವವರೂ ಅವರೇ. ಬೆಳ್ಳುಳ್ಳಿ ಚೀಲ ಝಾಡಿಸಿದಾಗ ಉದುರುವ ಸಿಪ್ಪೆ, ಒಣದ್ರಾಕ್ಷಿಯ ಖಾಲಿ ರಟ್ಟಿನ ಡಬ್ಬಿ, ಮುರಿದ ಛತ್ರಿಯ ಕಡ್ಡಿ. ಎಲ್ಲಕ್ಕಿಂತ ಹೆಚ್ಚು ಬರುವುದು ಹಳೆಯ ಲಗ್ನಪತ್ರಿಕೆ. ಅಂಗಡಿಯವರಿಗೆ ಸೀಸನ್‌ನಲ್ಲಿ ರಾಶಿ ರಾಶಿ ಪತ್ರಿಕೆ ಬರುತ್ತವಲ್ಲ, ಮದುವೆ ಮುಗಿದ ಮೇಲೆ, “ಯಲ್ಲಾಲಿಂಗಾ, ನಿನ್ನ ಹೆಂಡ್ತಿಗೆ ಒಯ್ಯಪಾ” ಅಂತ ಕೊಡುತ್ತಾರೆ. ಬಂಗಾರದ ಅಂಚಿನ ಆ ದಪ್ಪ ಕಾಗದವೇ ನವಿಲುಗರಿಯ ಕಣ್ಣು. ಮೂಲೆಯಲ್ಲಿ ಒಂದು ದೊಡ್ಡ ಚೀಲದ ತುಂಬ ಅವೇ ತುಂಬಿವೆ.

“ಊರ ಮಂದಿ ಕಸಾ ಹೊರಗ ಒಗೀತಾರ, ನಾ ಹೊತಗೊಂಡು ಮನಿಗೆ ತರತೇನಿ,” ಎನ್ನುತ್ತಾರೆ ಯಲ್ಲಾಲಿಂಗಪ್ಪ. “ಮಲಗಾಕ ಜಾಗಾ ಕೇಳಿದ್ರ, ಆ ಕಡೆ ಸರೀರಿ, ಗೋಳಗುಮ್ಮಟ ಒಣಗಾಕತ್ತೈತಿ ಅಂತಾಳ.”

“ಬಾಯಿ ಮುಚಗೊಂಡು ಚಾ ಕುಡೀರಿ,” ಎಂದು ಒಳಗಿನಿಂದ ಉತ್ತರ.

ಮೊದಮೊದಲು ಸಾವಂತ್ರವ್ವ ಎಲ್ಲವನ್ನೂ ತಾವೇ ಮಾಡಿ ಕೊಡುತ್ತಿದ್ದರು. ಒಂದು ಸಲ ಹೊಸ ಮದುಮಗಳೊಬ್ಬಳು ಗುಡಿಗೆ ಹೋಗುತ್ತೇನೆಂದು ಅತ್ತೆಗೆ ಹೇಳಿ, ಬಸ್ಸು ಹತ್ತಿ ಅಳುತ್ತ ಬಂದಳು. ನಾದಿನಿಯ ಗೌರಿಹಬ್ಬಕ್ಕೆ ಅಂಥದ್ದೇ ಇನ್ನೊಂದು ನವಿಲು ಮಾಡು ಅಂತ ಅತ್ತೆ ಕೂತಿದ್ದಾಳಂತೆ. ಹುಡುಗಿಗೆ ಅಂಟು ಕಲಸಲಿಕ್ಕೂ ಬಾರದು. ಅವತ್ತಿನಿಂದ ಸಾವಂತ್ರವ್ವನದು ಒಂದೇ ಹಠ: ಮಾಡಿಟ್ಟ ಮಾಲು ಕೊಡುವುದಿಲ್ಲ. ಮದುಮಗಳು ತನ್ನ ಮನೆಯ ಕಸವನ್ನು ತಾನೇ ಕಟ್ಟಿಕೊಂಡು ಬರಬೇಕು, ಇದೇ ಚಾಪೆಯ ಮೇಲೆ ಕೂತು ತನ್ನ ಕೈಯಾರೆ ಮಾಡಬೇಕು. ಸಾವಂತ್ರವ್ವ ಮಾಡುವ ನವಿಲು ಈಗ ನೋಡಿ ಕಲಿಯಲಿಕ್ಕೆ ಮಾತ್ರ; ಕಲಿಸಿದವರ ಹೆಸರು ಮೊದಲಿನಂತೆಯೇ ಗುಟ್ಟು. ಕಲಿಸಿದ್ದಕ್ಕೆ ಅವರು ಕೊಟ್ಟಷ್ಟು. ಸೀರೆ ಕೊಟ್ಟವರುಂಟು, ಜೋಳ ಕೊಟ್ಟವರುಂಟು. ಅವಸರದ ಮಂದಿ ಈಗ ಬಜಾರಿನ ರೆಡಿಮೇಡ್ ಥರ್ಮೋಕೋಲ್ ಸೆಟ್ಟುಗಳ ಕಡೆ ತಿರುಗಿದ್ದಾರೆ. ಈಕೆಯ ಹಠ ಮಾತ್ರ ಇದ್ದಲ್ಲೇ ಇದೆ.

ಈ ಬೇಸಿಗೆಯಲ್ಲಿ ಬಬಲೇಶ್ವರದಿಂದ ಹಾಗೆ ಬಂದವಳು ಗೀತಾಂಜಲಿ. ಡಿಗ್ರಿ ಮುಗಿಸಿದ ಚುರುಕು ಹುಡುಗಿ. ವರ ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ ಬಸಗೊಂಡಪ್ಪನವರ ಮಗ. ತಾಯಿ ವಿಜಯಲಕ್ಷ್ಮೀ ಮೊದಲ ದಿನವೇ ಮೆಲ್ಲಗೆ ಕೇಳಿದರು, “ನೀವ ಮಾಡಿ ಕೊಟ್ಟಬಿಡ್ರಲ್ಲ, ಯಾರಿಗೆ ಗೊತ್ತಾಗತೈತಿ?”

“ನಾಳೆ ಅತ್ತಿ ಇನ್ನೊಂದು ಮಾಡಿ ತೋರಸು ಅಂದ್ರ ನೀವು ಹೋಗವರೋ, ನಾ ಹೋಗಲೋ?” ಅಂದರು ಸಾವಂತ್ರವ್ವ. ವಿಜಯಲಕ್ಷ್ಮೀ ಮಗಳನ್ನು ಬಿಟ್ಟು ಹೋದರು.

ಕಲಿಯುವುದು ಸಸಾರದ ಕೆಲಸವೇ, ತಾಳ್ಮೆ ಮಾತ್ರ ಬೇಕು. ಸಿಪ್ಪೆಯನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿ, ಆಮೇಲೆ ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿದರೆ ಹಸಿರು. ಬರೀ ನೀಲಿಗೆ ಅದ್ದಿದರೆ ಕೊರಳಿನ ಬಣ್ಣ. ಮೈದಾ ಅಂಟು ಕಾಯಿಸುವಾಗ ನಾಲ್ಕು ಬೇವಿನೆಲೆ ಹಾಕದಿದ್ದರೆ ಮದುವೆಗೆ ಬೀಗರಿಗಿಂತ ಮೊದಲು ಇರುವೆ ಬರುತ್ತವೆ. ಮೈಗೆ ಜೋಳದ ಬೆಂಡು, ಕೊರಳಿಗೆ ಛತ್ರಿಯ ಕಡ್ಡಿ, ಕಣ್ಣಿಗೆ ಸೀತಾಫಲದ ಬೀಜ. ಸಿಪ್ಪೆಯನ್ನು ಬಾಲದಿಂದ ಹಚ್ಚುತ್ತ ತಲೆಯ ಕಡೆ ಬರಬೇಕು, ಮನೆಗೆ ಹಂಚು ಹೊದಿಸಿದ ಹಾಗೆ. ಕೊನೆಗೆ ಕೊರಳು ಹೊರಳಿಸುವುದು. ಅದೇ ಕಷ್ಟದ್ದು. ಕಡ್ಡಿ ಜಾಸ್ತಿ ಬಾಗಿತೋ, ಹಚ್ಚಿದ್ದೆಲ್ಲ ಉದುರುತ್ತದೆ.

“ಮೊದಲನೇ ದಿನ ಆಕಿ ನವಲ ಕೋಳಿ ಆಗಿತ್ತರಿ, ಎರಡನೇ ದಿನ ಬಾತುಕೋಳಿ,” ಎಂದು ಸಾವಂತ್ರವ್ವ ನೆನೆದು ನಗುತ್ತಾರೆ. “ಸಿಟ್ಟಿಗೆದ್ದು ಒಮ್ಮಿ ಎಲ್ಲಾ ಒಗದು ಹೋದ್ಲು. ಮರುದಿನ ಮುಂಜಾನೆ ಮೊದಲನೇ ಬಸ್ಸಿಗೆ ಮತ್ತ ಬಂದ್ಲು. ಕೈ ಹಿಡದು ಕೊರಳ ಹೊಳ್ಳಸೂದು ತೋರಿಸಿದೆ. ಆಮ್ಯಾಲ ಆಕಿ ಕೈ ತಾನ ಹೊಂಟಿತು.” ಮದುವೆಗೆ ಮೂರು ದಿನ ಇರುವಾಗ ಗೀತಾಂಜಲಿ ತನ್ನ ನವಿಲನ್ನು ಒಣದ್ರಾಕ್ಷಿ ಡಬ್ಬಿಯಲ್ಲಿ ಹತ್ತಿಯ ಮೇಲೆ ಕೂರಿಸಿಕೊಂಡು ಹೊರಟಳು. ಕಾಲಿಗೆ ಬಿದ್ದಳು. ಮದುವೆಗೆ ಬರ್ರಿ ಅನ್ನಲು ಬಾಯಿ ತೆರೆದವಳು, ಕರೆದೊಯ್ಯಲು ಬಂದ ತಾಯಿಯ ಮುಖ ನೋಡಿ ಡಬ್ಬಿಯ ಮುಚ್ಚಳ ಮುಚ್ಚಿದಳು. ಸಾವಂತ್ರವ್ವನಿಗೆ ಇದೇನು ಹೊಸದಲ್ಲ.

ಮದುವೆಯಲ್ಲಿ ನಡೆದದ್ದನ್ನು ತಂದು ಮುಟ್ಟಿಸಿದವರು ನೆರೆಮನೆಯ ಆಶಾಬಿ. ಬಳೆ ಮಾರುವ ಆಶಾಬಿಯೇ ಸಾವಂತ್ರವ್ವನಿಗೆ ಒಡೆದ ಬಳೆ ಕೊಡುವವರು. ಗೀತಾಂಜಲಿಗೆ ಮದುವೆಯ ಬಳೆ ತೊಡಿಸಿದವರೂ ಅವರೇ. ಬಳೆಗಾರ್ತಿಯಾದ್ದರಿಂದ ಹಂದರಕ್ಕೂ ಕರೆ ಇತ್ತು. ಮರುದಿನ ಬುಟ್ಟಿ ಇಳಿಸುವುದಕ್ಕೂ ತಡೆಯದೆ ಓಡಿ ಬಂದರು. ಈಗಲೂ ಆ ಕಥೆ ಕೇಳಿದರೆ ಸಾಕು, ಎದ್ದು ನಿಂತು ಕೈ ಆಡಿಸಿ ಹೇಳುತ್ತಾರೆ.

“ಬಸಗೊಂಡಪ್ಪನವರ ಅವ್ವ ನೀಲಾಬಾಯಿ ಅಂತ ಅದಾಳಲ್ರಿ, ಕಣ್ಣಂದ್ರ ಕಣ್ಣ ಆ ಮುದುಕಿದು! ಕೋಲ ಊರಕೋತ ಬಂದು ಮೇಜಿನ ಮುಂದ ನಿಂತ್ಲು. ಬಾವಿ ನೋಡಿದ್ಲು, ಬಂಡಿ ನೋಡಿದ್ಲು. ನವಲ ನೋಡಿದಾಕಿ ಅಲ್ಲೇ ನಿಂತಬಿಟ್ಲು. ‘ಇದ ಯಾರು ಮಾಡ್ಯಾರ?’ ಅಂದ್ಲು. ಹುಡುಗಿ ‘ನಾನ ಮಾಡೇನ್ರಿ ಅಮ್ಮಾ’ ಅಂತು. ‘ಸುಳ್ಳ ಹೇಳಬ್ಯಾಡ. ಈ ನವಲ ನಾ ತಿಕೋಟಾದಾಗ ನೋಡೇನಿ, ಬಿಜಾಪುರದಾಗ ನೋಡೇನಿ, ನಮ್ಮ ತಂಗಿ ಮಮ್ಮಗಳ ಲಗ್ನದಾಗ ನೋಡೇನಿ. ಎಲ್ಲಾ ಹಿಂಗ ಎಡಕ್ಕ ಹೊಳ್ಳಿ ನೋಡತಾವ. ಬಲಕ್ಕ ನೋಡೂ ನವಲ ಒಂದೂ ಇಲ್ಲ. ಎಲ್ಲಾ ಒಂದ ಕೈದು. ನಿನ್ನ ಕೈದು ಹ್ಯಾಂಗ ಆತು?’ ಅಂದ್ಲು. ಹುಡುಗಿ ಅವ್ವನ ಮುಖಾ ಸುಣ್ಣ ಆತ್ರಿ.”

ಇಲ್ಲಿಗೆ ಬಂದಾಗ ಸಾವಂತ್ರವ್ವ ತಮ್ಮ ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಾರೆ. ಅಷ್ಟು ವರ್ಷ ನವಿಲು ಮಾಡಿದವರಿಗೆ ತಮ್ಮ ನವಿಲುಗಳೆಲ್ಲ ಒಂದೇ ಕಡೆ ನೋಡುತ್ತವೆಂಬುದು ಗೊತ್ತೇ ಇರಲಿಲ್ಲ. ಎಡಗೈಯಲ್ಲಿ ಕಡ್ಡಿ ಹಿಡಿದು ಬಾಗಿಸಿದರೆ ಕೊರಳು ಅತ್ತಲೇ ಹೊರಳುತ್ತದೆ. ಕೈ ಹಿಡಿದು ಕಲಿಸಿದ್ದರಿಂದ ಹುಡುಗಿಯರ ಕೈಗೂ ಅದೇ ಬಂದಿದೆ. ಒಂದು ಸಲವಾದರೂ ಹಂದರದಲ್ಲಿ ನಿಂತು ನೋಡಿದ್ದರೆ ತಿಳಿಯುತ್ತಿತ್ತು. ನೋಡಿದ್ದರಲ್ಲವೇ!

ಆಶಾಬಿ ಮುಂದುವರಿಸುತ್ತಾರೆ. “ಗೀತಾಂಜಲಿ ಏನ ಮಾಡಿದ್ಲು ಹೇಳ್ರಿ? ಅಳಲಿಲ್ಲ, ಕರಿಲಿಲ್ಲ. ಅಡಗಿ ಮಂದಿ ಕಡಿಂದ ಬಳ್ಳೊಳ್ಳಿ ಸಿಪ್ಪಿ ತರಿಸಿದ್ಲು, ಹಿಟ್ಟಿನ ಅಂಟು ತರಿಸಿದ್ಲು. ಯಾರದೋ ಮುರದ ಛತ್ರಿ ಕಡ್ಡಿ ಬಂತು. ಬೆಂಡಿಗೆ ಜ್ವಾಳದ ಕಣಕಿ ಹುಡುಕಾಕ ಒಬ್ಬಾವ ಹೊಲಕ್ಕ ಓಡಿದ. ಆ ಬನಾರಸಿ ಸೀರಿ ಮ್ಯಾಲೆ ನೆಲಕ್ಕ ಕುಂತ್ಲು. ಮಂದಿ ಊಟಾ ಬಿಟ್ಟು ನೋಡಾಕತ್ತರ. ಕೊರಳ ಹೊಳ್ಳಿಸಿದ್ಲು, ಅದೂ ಎಡಕ್ಕ ಹೊಳ್ಳಿತು! ಮುದುಕಿ ಬಾಯಿ ಬೊಚ್ಚ ಮಾಡಕೊಂಡು ನಕ್ಕಬಿಟ್ಲು. ‘ಕೈ ನಿಂದ ಖರೆ ಬಿಡವಾ, ನಾ ಸೋತೆ. ಕೈ ತಿದ್ದಿದಾಕಿ ಯಾರು?’ ಅಂದ್ಲು. ಅವ್ವ ಕಣ್ಣಸನ್ನಿ ಮಾಡಾಕತ್ತಾಳ, ಹೇಳಬ್ಯಾಡ ಅಂತ. ಹುಡುಗಿ ಆ ಕಡೆ ನೋಡಲೇ ಇಲ್ಲ. ‘ಇಬ್ರಾಹಿಂಪುರದ ಸಾವಂತ್ರವ್ವರಿ’ ಅಂದ್ಲು. ಎಲ್ಲಾರಿಗೂ ಕೇಳೂಹಂಗ ಅಂದ್ಲು!”

ಇದನ್ನು ಮೊದಲ ಸಲ ಕೇಳಿದ ದಿನ ಸಾವಂತ್ರವ್ವನಿಗೆ ಖುಷಿಯಾಗಲಿಲ್ಲ. “ಹೆಸರ ಹೇಳಿದ್ಲಾ? ಯಪ್ಪಾ, ಇನ್ನ ಯಾರು ಬರತಾರ ನನ್ನ ಹಂತ್ಯಾಕ?” ಎಂದು ತಲೆಯ ಮೇಲೆ ಕೈ ಹೊತ್ತು ಕೂತರು. ಹಂದರದಲ್ಲಿ ಹೆಸರು ಬಂದವಳ ಕಡೆಗೆ ಹೆಣ್ಣಿನ ತಾಯಂದಿರು ಸುಳಿಯುತ್ತಾರೆಯೇ? ಒಂದು ವಾರ ಯಾರೂ ಬರಲಿಲ್ಲ. ಎರಡನೆಯ ವಾರವೂ ಚಾಪೆ ಖಾಲಿ. ಯಲ್ಲಾಲಿಂಗಪ್ಪ ಹಾಸ್ಯ ಮಾಡುವುದನ್ನು ಬಿಟ್ಟರು. ತರುವ ಕಸವನ್ನು ಮಾತ್ರ ಬಿಡಲಿಲ್ಲ. ಚೌಕದಿಂದ ಬರುವಾಗ ಕೈಗೆ ಸಿಕ್ಕ ಲಗ್ನಪತ್ರಿಕೆಗಳನ್ನು ತಂದು ಮೂಲೆಯ ಚೀಲಕ್ಕೆ ತುರುಕುತ್ತಲೇ ಇದ್ದರು.

ಹೋದ ಗುರುವಾರ ನಸುಕಿನಲ್ಲಿ ಸಾವಂತ್ರವ್ವ ಸುಮ್ಮನೆ ಕೂಡಲಾರದೆ, ಗರಿಯ ಕಣ್ಣಾದರೂ ಕತ್ತರಿಸಿ ಇಡೋಣ ಎಂದು ಆ ಚೀಲಕ್ಕೆ ಕೈ ಹಾಕಿದರು. ಮೇಲಿನ ಪತ್ರಿಕೆ ಒಳ್ಳೆಯ ದಪ್ಪನೆಯದು, ಬಂಗಾರದ ಅಂಚಿನದು. ಕತ್ತರಿ ಇಟ್ಟೇಬಿಟ್ಟರು. ಒಂದು ಮೂಲೆ ಕಚ್ ಅಂತ ಕೆಳಗೆ ಬಿತ್ತು. ಎರಡನೆಯ ಮೂಲೆಗೆ ತಿರುಗಿಸಿದಾಗ ಅರಿಶಿನ ಹಚ್ಚಿದ್ದು ಕಂಡಿತು. ಅಂಗಡಿಯ ಪತ್ರಿಕೆಗಳಿಗೂ ಅರಿಶಿನ ಇರುತ್ತದೆ, ಅದೇನು ದೊಡ್ಡದಲ್ಲ. ಆದರೆ ಅದರ ಕೆಳಗೆ ಪೆನ್ನಿನಲ್ಲಿ ಬರೆದ ಹೆಸರಿತ್ತು. ಮೂರನೆಯ ಈಯತ್ತೆ ತನಕ ಸಾಲಿ ಕಲಿತ ಸಾವಂತ್ರವ್ವ ಅಕ್ಷರ ಕೂಡಿಸಿ ಓದಿದರು. ಸಾ. ವಂ. ತ್ರವ್ವ. ಮತ್ತೊಮ್ಮೆ ಓದಿದರು. ಕತ್ತರಿ ಪರಾತದಲ್ಲಿ ಬಿತ್ತು.

“ಏನ್ರೀ! ಇದ ಯಾವಾಗ ಬಂತು?” ಎಂಬ ಕೂಗಿಗೆ ಯಲ್ಲಾಲಿಂಗಪ್ಪ ಹಾಸಿಗೆಯಿಂದ ಧಡ್ ಅಂತ ಎದ್ದರು. ಕಣ್ಣುಜ್ಜಿಕೊಂಡು ಪತ್ರಿಕೆ ನೋಡಿದ ಮೇಲೆ ನೆನಪಾಯಿತು. ಬಸಗೊಂಡಪ್ಪನವರು ಚೌಕದ ಅಂಗಡಿಗೆ ಬಂದಿದ್ದರು, “ಮನ್ಯಾಗ ಕೊಡ್ರಿ” ಅಂತ ತಾವೇ ಕೈಯಲ್ಲಿಟ್ಟಿದ್ದರು. “ನಮ್ಮ ಮನಿಗೆ ಬರೂ ಪತ್ರಿಕಿ ಎಲ್ಲಾ ಕತ್ತರಸಾಕ ಬರತಾವು ಅಂತ ತಿಳದು ಚೀಲಕ್ಕ ಹಾಕಿದೆ ಬೇ,” ಅಂದರು. “ಹೆಸರ ಬರದು ಕರೀತಾರಂತ ನಂಗೇನ ಗೊತ್ತು?” ಸಾವಂತ್ರವ್ವ ಬೈಯಲು ಬಾಯಿ ತೆರೆದರು. ನಗು ಬಂತು. ನಗುವಿನ ಬೆನ್ನಿಗೇ ಅಳು ಬಂತು. ಗಂಡ ಹೆಂಡತಿ ಇಬ್ಬರೂ ಗಡಬಡಿಸಿ ತಾರೀಖು ಹುಡುಕಿದರು. ಪುಣ್ಯಕ್ಕೆ ಮುಹೂರ್ತ ಇನ್ನೂ ದಾಟಿರಲಿಲ್ಲ. ಬರುವ ಸೋಮವಾರ, ತಿಕೋಟಾ. ನೀಲಾಬಾಯಿಯವರ ಮೊಮ್ಮಗಳ ಮದುವೆ.

ಆ ಮೊಮ್ಮಗಳ ರುಕ್ವತಕ್ಕೆ ನವಿಲು ಮಾಡಲು ಕಲಿಸಿದವಳು ಯಾರು? ಅತ್ತಿಗೆ ಗೀತಾಂಜಲಿ. ಸಾವಂತ್ರವ್ವ ಮುಟ್ಟಿಯೇ ಇಲ್ಲದ, ಆದರೂ ಅವರದೇ ಆದ ನವಿಲು ಆ ಮೇಜಿನ ಮೇಲೆ ಕೂತಿರುತ್ತದೆ.

ಈಗ ಪತ್ರಿಕೆ ಗೋಡೆಯ ಮೇಲೆ, ದೇವರ ಫೋಟೋದ ಬದಿಗಿದೆ. ಕತ್ತರಿಸಿದ ಮೂಲೆಯನ್ನು ಬೇವಿನೆಲೆ ಹಾಕಿದ ಮೈದಾ ಅಂಟು ಹಚ್ಚಿ ಮತ್ತೆ ಕೂಡಿಸಿದ್ದಾರೆ. ಸೀಳು ಕಾಣದಂತೆ ಮೇಲೊಂದು ನೀಲಿ ಸಿಪ್ಪೆ. ಟ್ರಂಕಿನಿಂದ ಇಳಕಲ್ ಸೀರೆ ಹೊರಬಂದು ಹಗ್ಗದ ಮೇಲೆ ಗಾಳಿಗೆ ಆಡುತ್ತಿದೆ. ಆಶಾಬಿ ಹಸಿರು ಬಳೆ ತೊಡಿಸಿ ಹೋಗಿದ್ದಾರೆ. ನೀಲಾಬಾಯಿಯವರ ಮನೆಯಿಂದ ಕರೆ ಬಂದ ಸುದ್ದಿ ಕೇಳಿ, ಎರಡನೆಯ ಚಹಾ ಬರುವ ಹೊತ್ತಿಗೆ ಬಾಗಿಲಲ್ಲಿ ಇಬ್ಬರು ತಾಯಂದಿರು ಮಗಳಂದಿರನ್ನು ಕರೆದುಕೊಂಡು ನಿಂತಿದ್ದಾರೆ, ಮುಂದಿನ ಬಾಗಿಲಲ್ಲಿ. “ಸೋಮವಾರ ಸೂಟಿ ಐತ್ರಿ, ನಾ ಊರಿಗೆ ಹೊಂಟೇನಿ. ಮಂಗಳವಾರ ಬರ್ರಿ, ಕಸಾ ತಗೊಂಡು ಬರ್ರಿ,” ಎಂದು ಕೂತಲ್ಲಿಂದಲೇ ಹೇಳುತ್ತಾರೆ ಸಾವಂತ್ರವ್ವ.

ಹಂದರಕ್ಕೆ ಹೋಗಿ ಮೊದಲು ಏನು ಮಾಡುತ್ತೀರಿ ಎಂದರೆ, ಕೈಯಲ್ಲಿದ್ದ ನವಿಲನ್ನು ನೆಲಕ್ಕಿಟ್ಟು, ಅದರ ಕೊರಳು ಹೊರಳಿದ ಕಡೆಗೆ ತಾವೂ ಸ್ವಲ್ಪ ಸರಿದು ಕೂಡುತ್ತಾರೆ.

“ಮಾಡೂದೇನೈತ್ರಿ? ಮೇಜಿನ ಎಡಕ್ಕ ಹೋಗಿ ನಿಂದರತೇನಿ. ಇಷ್ಟ ದಿನಾ ಆ ಕಡೆ ನೋಡಕೋತ ಕುಂತೈತಿ ಅದು. ಒಮ್ಮಿ ನನ್ನೂ ಕಾಣಲಿ.”